ಶಾಲಾ ಬ್ಯಾಂಡ್ ಸೇರಿದ ಮಗಳಿಗೆ ಎಂಥ ಯುಫೋನಿಯಂ (ಊದಿ ನುಡಿಸುವ ಹಿತ್ತಾಳೆ ವಾದ್ಯ) ಕೊಡಿಸಲಿ? ಮೂರು ವಾಲ್ವ್ (ಸ್ವರ ಬದಲಿಸಲು ಬೆರಳಿನಿಂದ ಒತ್ತುವ ಕವಾಟ) ಸಾಕೇ, ನಾಲ್ಕು ಬೇಕೇ?

ಈಗಷ್ಟೇ ಶುರುಮಾಡಿದ್ದಾಳೆ ಅಂದರೆ ಮೂರು ವಾಲ್ವ್‌ನದು ಸಾಕು. ಬೆಲೆ ಕಡಿಮೆ, ತೂಕವೂ ಕಡಿಮೆ. ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲಿ ಹೊತ್ತು ಓಡಾಡುವ ಮಗುವಿಗೆ ಅದು ಸಣ್ಣ ಮಾತಲ್ಲ.

ಒಂದು ಮತ್ತು ಮೂರನೇ ವಾಲ್ವ್ ಒಟ್ಟಿಗೆ ಒತ್ತಿದಾಗ ಸ್ವರ ಸ್ವಲ್ಪ ಏರಿಬಿಡುತ್ತದೆ. ನಾಲ್ಕನೇ ವಾಲ್ವ್ ಆ ಜೋಡಿಯ ಕೆಲಸವನ್ನು ಒಂಟಿಯಾಗಿ, ಹೆಚ್ಚು ಶ್ರುತಿಬದ್ಧವಾಗಿ ಮಾಡುತ್ತದೆ, ಇನ್ನೂ ಕೆಳಗಿನ ಸ್ವರಗಳಿಗೂ ದಾರಿ ಕೊಡುತ್ತದೆ. ಒಂದೆರಡು ವರ್ಷ ಬಿಡದೆ ನುಡಿಸುತ್ತಾಳೆಂಬ ಭರವಸೆ ಇದ್ದರೆ ಯಮಹಾ ವೈಇಪಿ-321ರಂಥ ನಾಲ್ಕು ವಾಲ್ವ್‌ನದನ್ನೇ ತೆಗೆದುಕೊಳ್ಳಿ.

ಕಾಂಪೆನ್ಸೇಟಿಂಗ್ ಮಾದರಿ, ಅಂದರೆ 1874ರಲ್ಲಿ ಡೇವಿಡ್ ಬ್ಲೇಕ್ಲಿ ಪೇಟೆಂಟ್ ಪಡೆದ ವ್ಯವಸ್ಥೆ, ಬೇರೆಯೇ ಹಂತದ್ದು. ನಾಲ್ಕನೆಯದರ ಜೊತೆ ಬೇರೆ ವಾಲ್ವ್ ಒತ್ತಿದಾಗ ಗಾಳಿ ಹೆಚ್ಚುವರಿ ಕೊಳವೆಗಳಲ್ಲಿ ಇನ್ನೊಮ್ಮೆ ಹಾದು ಮಂದ್ರದ ಶ್ರುತಿ ಸರಿಹೋಗುತ್ತದೆ. ನಾದ ನಿಜಕ್ಕೂ ಸೊಗಸು. ಆದರೆ ಭಾರ, ದುಬಾರಿ. ಏಕವಾದನಕ್ಕೆ, ಗಂಭೀರ ಬ್ರಾಸ್ ಬ್ಯಾಂಡಿಗೆ ಮಾತ್ರ ಸಾರ್ಥಕ.

ಸೆಕೆಂಡ್ ಹ್ಯಾಂಡ್ ಆದರೆ ಪೊಲೀಸ್ ಬ್ಯಾಂಡಿನಲ್ಲೋ ಚರ್ಚ್ ಬ್ಯಾಂಡಿನಲ್ಲೋ ನುಡಿಸಿದವರನ್ನು ಜೊತೆಗೆ ಕರೆದೊಯ್ಯಿರಿ. ವಾಲ್ವ್ ಒತ್ತದೆ ಅದರ ಸ್ಲೈಡ್ (ಜಾರಿಸಬಹುದಾದ ಕೊಳವೆ) ಎಳೆದು, ಆಮೇಲೆ ಒತ್ತಿ: ‘ಟಪ್’ ಅನ್ನದಿದ್ದರೆ ಗಾಳಿ ಸೋರುತ್ತಿದೆ, ಬಿಟ್ಟುಬಿಡಿ. ತುಟಿಯಿಟ್ಟು ಊದುವ ಮೌತ್‌ಪೀಸಿನ ಶ್ಯಾಂಕ್ (ವಾದ್ಯದೊಳಗೆ ಕೂರುವ ತುದಿ) ಸಣ್ಣದೋ ದೊಡ್ಡದೋ ಅಂತಲೂ ಕೇಳಿಕೊಳ್ಳಿ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.