ಆನೆ ಮಾಡೋಕೆ ಹೋದ್ರೆ ತೂತು ತೂತು ಟೋಪಿ ಆಗ್ತಿದೆ, ಎಲ್ಲಿ ತಪ್ತಿದೀನಿ?

ಪ್ರಶ್ನೆ: ಅಕ್ಕಾ, ನಾನು ತಿಪಟೂರಿನವಳು. ನಾಲ್ಕು ವರ್ಷದಿಂದ ಸೀರೆಗೆ ಕ್ರೋಶಾ ಕುಚ್ಚು ಹಾಕ್ತಿದೀನಿ, ಚೈನು, ಕಂಬ ಎಲ್ಲಾ ಕಣ್ಮುಚ್ಕೊಂಡು ಬರುತ್ತೆ. ತಂಗಿ ಮಗೂಗೆ ಈಗ ಎಂಟು ತಿಂಗಳು, ಅದಕ್ಕೆ ಉಲ್ಲನ್ನಲ್ಲಿ ಒಂದು ಪುಟ್ಟ ಆನೆ ಮಾಡೋಣ ಅಂತ ಇಂಗ್ಲಿಷ್ ಪ್ಯಾಟರ್ನ್ ಒಂದು ತಗೊಂಡೆ. ರಿಂಗಿಗೆ 6 ಡಿಸಿ, ಮುಂದಿನ ಸುತ್ತಿಗೆ 12, ಆಮೇಲೆ 18 ಅಂತಿದೆ. ಹಾಗೇ ಹಾಕಿದೀನಿ, ಎಣಿಸಿಯೂ ನೋಡಿದೀನಿ, ಆದ್ರೂ ಆನೆ ತಲೆ ದುಂಡಗಾಗ್ದೆ ಉದ್ದುದ್ದ ಟೋಪಿ ಥರ ಆಗ್ತಿದೆ, ಮೈಯೆಲ್ಲಾ ತೂತು, ಒಳಗಿನ ಹತ್ತಿ ಇಣುಕ್ತಿದೆ. ನಾಲ್ಕು ಸಲ ಬಿಚ್ಚಾಯ್ತು. ಮಿಕ್ಕಿರೋ ಕುಚ್ಚಿನ ರೇಷ್ಮೆ ದಾರದಲ್ಲಿ ಮಾಡಿದ್ರೆ ನೀಟಾಗಿ ಬರುತ್ತಾ?

ಉತ್ತರ: ನಿಮ್ಮ ಕೈ ಸರಿಯಾಗೇ ಇದೆ, ಎಣಿಕೆನೂ ಸರಿಯಾಗೇ ಇದೆ, ಎಡವಟ್ಟಾಗಿರೋದು ಆ ಡಿಸಿ ಅನ್ನೋ ಎರಡಕ್ಷರದಲ್ಲಿ. ಡಿಸಿ ಅಂದ್ರೆ ಡಬಲ್ ಕ್ರೋಶೆ. ಅಮೆರಿಕದವರು ಹಾಗನ್ನೋದು ನಮ್ಮ ಕಂಬಕ್ಕೆ, ಅಂದ್ರೆ ಎತ್ತರದ ಹೊಲಿಗೆಗೆ. ಬ್ರಿಟನ್ನಿನವರು ಅದೇ ಹೆಸರನ್ನ ಗಿಡ್ಡ ಹೊಲಿಗೆಗೆ ಇಟ್ಕೊಂಡಿದಾರೆ, ಅಮೆರಿಕದವರು ಅದನ್ನ ಸಿಂಗಲ್ ಕ್ರೋಶೆ, ಎಸ್‌ಸಿ ಅಂತಾರೆ. ನಿಮಗೆ ಸಿಕ್ಕಿರೋದು ಬ್ರಿಟನ್ ಲೆಕ್ಕದ ಪ್ಯಾಟರ್ನು, ನೀವು ಕುಚ್ಚಿನ ಅಭ್ಯಾಸದಲ್ಲಿ ಡಿಸಿ ಅಂದ ತಕ್ಷಣ ಕಂಬ ನೆಟ್ಟುಬಿಟ್ಟಿದೀರಿ. ಇನ್ಮೇಲೆ ಯಾವ ಪ್ಯಾಟರ್ನ್ ತಗೊಂಡ್ರೂ ಮೊದಲು ಎಸ್‌ಸಿ ಅಂತ ಎಲ್ಲಾದ್ರೂ ಇದೆಯಾ ನೋಡಿ, ಇದ್ರೆ ಅಮೆರಿಕದ್ದು, ಯಾಕಂದ್ರೆ ಬ್ರಿಟನ್ ಲೆಕ್ಕದಲ್ಲಿ ಸಿಂಗಲ್ ಅನ್ನೋ ಹೊಲಿಗೆನೇ ಇಲ್ಲ.

ಗಿಡ್ಡ ಹೊಲಿಗೆ ನಿಮಗೆ ಎರಡು ನಿಮಿಷದ ಕೆಲಸ. ಕಂಬ ಹಾಕೋವಾಗ ಕಡ್ಡಿ ಚುಚ್ಚೋ ಮುಂಚೆ ಒಂದು ಸುತ್ತು ದಾರ ಸುತ್ಕೋತೀರಲ್ಲ, ಅದನ್ನ ಬಿಟ್ಬಿಡಿ. ಸೀದಾ ಚುಚ್ಚಿ, ದಾರ ಎಳ್ಕೊಳ್ಳಿ, ಕಡ್ಡಿ ಮೇಲೆ ಎರಡು ಕುಣಿಕೆ ಇರುತ್ತೆ, ಮತ್ತೆ ದಾರ ತಗೊಂಡು ಎರಡರಲ್ಲೂ ಒಟ್ಟಿಗೆ ಎಳೀರಿ, ಅಷ್ಟೇ.

ಟೋಪಿ ಯಾಕಾಯ್ತು ಅಂತಾನೂ ಹೇಳ್ತೀನಿ, ಇದು ನಂಗೆ ಇಷ್ಟವಾದ ಲೆಕ್ಕ. ಸ್ಕೂಲಲ್ಲಿ ವೃತ್ತದ ಸುತ್ತಳತೆ ಅಂತ ಮಾಡಿದ್ವಲ್ಲ, ಅದೇ. ಒಂದೊಂದು ಸುತ್ತು ಹಾಕ್ದಾಗ ಒಂದು ಹೊಲಿಗೆಯ ಎತ್ತರದಷ್ಟು ಹೊರಗೆ ಹೋಗ್ತೀವಿ, ಆಗ ಅಂಚು ಅದರ 6.28 ಪಟ್ಟು ಬೆಳೀಬೇಕು. ಗಿಡ್ಡ ಹೊಲಿಗೆಯ ಎತ್ತರ, ಅಗಲ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಸುತ್ತಿಗೆ 6 ಹೊಲಿಗೆ ಹೆಚ್ಚಿಸಿದ್ರೆ ಚಪಾತಿ ಥರ ಮಟ್ಟಸವಾಗಿ ಕೂರುತ್ತೆ. ಕಂಬ ಅದರ ಸುಮಾರು ಎರಡರಷ್ಟು ಎತ್ತರ, ಅದಕ್ಕೆ ಸುತ್ತಿಗೆ 12 ಬೇಕು. ನೀವು ಕಂಬ ಹಾಕಿ 6 ಮಾತ್ರ ಹೆಚ್ಚಿಸಿದ್ರಿಂದ ಅಂಚಿಗೆ ಜಾಗ ಸಾಲದೆ ಒಳಮುಖ ಮುದುಡ್ಕೊಂಡು ಟೋಪಿ ಆಯ್ತು, ಕಂಬಗಳ ಸಂದಿನೇ ಆ ತೂತು. ಎರಡು ಕಾಯಿಲೆಗೂ ಔಷಧಿ ಒಂದೇ.

ಆನೆಗೆ ಕೈ ಹಾಕೋ ಮುಂಚೆ ಒಂದು ಚೆಂಡು ಮಾಡಿ. ಬೇಜಾರು ಮಾಡ್ಕೋಬೇಡಿ, ಆನೆ ತಲೆ ಅಂದ್ರೆ ಚೆಂಡೇ, ಹೊಟ್ಟೆ ಅಂದ್ರೆ ಸ್ವಲ್ಪ ಉದ್ದದ ಚೆಂಡು. ದಾರಾನ ತೋರುಬೆರಳಿಗೆ ಸುತ್ತಿ ಸಡಿಲ ಉಂಗುರ ಮಾಡಿ, ಅದರೊಳಗೆ 6 ಗಿಡ್ಡ ಹೊಲಿಗೆ ಹಾಕಿ ದಾರದ ತುದಿ ಎಳೆದ್ರೆ ನಡುವಿನ ತೂತು ಪೂರ್ತಿ ಮುಚ್ಕೊಳುತ್ತೆ. ಉಂಗುರ ಜಾರ್ತಿದ್ರೆ ಎರಡು ಚೈನ್ ಹಾಕಿ, ಕಡ್ಡಿಯಿಂದ ಎರಡನೇ ಚೈನಲ್ಲೇ ಆರನ್ನೂ ಹಾಕ್ಬಿಡಿ. ಎರಡನೇ ಸುತ್ತಿಗೆ ಒಂದೊಂದರಲ್ಲೂ ಎರಡೆರಡು, 12. ಮುಂದೆ ಒಂದರಲ್ಲಿ ಒಂದು, ಪಕ್ಕದ್ದರಲ್ಲಿ ಎರಡು, 18, ಆಮೇಲೆ 24, 30. ಅಲ್ಲಿಂದ ಐದು ಸುತ್ತು ಏನೂ ಹೆಚ್ಚಿಸದೆ 30ರಲ್ಲೇ ಹೋಗಿ, ಆಮೇಲೆ ಬಂದ ದಾರಿಯಲ್ಲೇ ವಾಪಸ್ಸು 24, 18, 12, 6. ಒಟ್ಟು 14 ಸುತ್ತು, ಲೆಕ್ಕ ಹಾಕಿದ್ರೆ ಸರಿಯಾಗಿ 300 ಹೊಲಿಗೆ.

ಕುಚ್ಚಿನ ಕೈಗೆ ಒಂದು ಚಟ ಇರುತ್ತೆ, ಸುತ್ತು ಮುಗೀತಿದ್ದಂಗೆ ಗಂಟು ಹಾಕಿ ಮುಗಿಸೋದು. ಇಲ್ಲಿ ಸುತ್ತನ್ನ ಕೂಡಿಸಬೇಡಿ, ಚಕ್ಲಿ ಥರ ಸುತ್ತುತ್ತಾ ಹೋಗೋದಷ್ಟೇ. ಆಗ ಎಲ್ಲಿ ಶುರು ಎಲ್ಲಿ ಮುಗಿತು ಗೊತ್ತಾಗಲ್ಲ, ಅದಕ್ಕೆ ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಒಂದು ಪಿನ್ನು ಸಿಗಿಸಿ. ನಾನು ಮೊದಲು ಮಾಡಿದ ಮೊಲಕ್ಕೆ ಪಿನ್ನು ಗಿನ್ನು ಏನೂ ಬೇಡ ಅಂತ ಜಂಭ ಮಾಡಿ ಟಿವಿ ನೋಡ್ತಾ ಹಾಕಿದ್ದೆ, ಒಂದು ಕೆನ್ನೆ ಉಬ್ಬಿ ಹಲ್ಲುನೋವು ಬಂದಂಗಿತ್ತು, ಇವತ್ತಿಗೂ ಮನೇಲಿ ಅದರ ಹೆಸರು ಹಲ್ಲುನೋವಿನ ಮೊಲ ಅಂತಾನೇ.

ಕಮ್ಮಿ ಮಾಡೋವಾಗ ಹೊಲಿಗೆ ತಲೆಯ ಎರಡೂ ಎಳೆಗೆ ಚುಚ್ಚಬೇಡಿ. ಪಕ್ಕಪಕ್ಕದ ಎರಡು ಹೊಲಿಗೆಯ ಮುಂದಿನ ಎಳೆ ಮಾತ್ರ ಒಂದಾದ ಮೇಲೊಂದು ಕಡ್ಡಿಗೆ ತಗೊಂಡು, ದಾರ ಎಳೆದು ಎರಡರೊಳಗಿಂದ ತನ್ನಿ, ಆಮೇಲೆ ಮಾಮೂಲಿನಂತೆ ಮುಗಿಸಿ. ಎಲ್ಲಿ ಕಮ್ಮಿ ಮಾಡಿದೀವಿ ಅಂತ ನಮಗೇ ಹುಡುಕೋಕೆ ಕಷ್ಟ ಆಗುತ್ತೆ.

ಇನ್ನು ಸಾಮಾನು. ರೇಷ್ಮೆ ದಾರ ಬೇಡ, ಜಾರುತ್ತೆ, ಹೊಲಿಗೆ ಎಣಿಸೋಕೆ ಕಣ್ಣು ಹೋಗುತ್ತೆ. ತಿಳಿ ಬಣ್ಣದ ಸಾದಾ ಅಕ್ರಿಲಿಕ್ ಉಲ್ಲನ್ ಸಾಕು, ಕಪ್ಪು ಬಣ್ಣ ಮಾತ್ರ ಮೊದಲ ಸಲಕ್ಕೆ ಮುಟ್ಟಲೇಬೇಡಿ. ಕುಚ್ಚಿನ ಸಣ್ಣ ಕಡ್ಡಿ ಉಲ್ಲನ್ನನ್ನ ಸೀಳಿಬಿಡುತ್ತೆ, ಉಲ್ಲನ್ ಲೇಬಲ್ ಮೇಲೆ ಕಡ್ಡಿ 4 ಎಂಎಂ ಅಂತಿದ್ರೆ ಗೊಂಬೆಗೆ 2.5 ಅಥವಾ 3 ತಗೊಳ್ಳಿ, ಲೇಬಲಿನ ಸೈಜು ಸ್ವೆಟರಿಗೆ, ಗೊಂಬೆಗೆ ಹೊಲಿಗೆ ಬಿಗಿಯಾಗಿರಬೇಕು. ತುಂಬೋಕೆ ಹತ್ತಿ ಬೇಡ, ಒಗೆದ ಮೇಲೆ ಗಂಟುಗಂಟಾಗುತ್ತೆ, ದಿಂಬಿಗೆ ಹಾಕೋ ಪಾಲಿಯೆಸ್ಟರ್ ಫೈಬರನ್ನ ಕೈಯಲ್ಲಿ ಚೆನ್ನಾಗಿ ಬಿಡಿಸಿ ಸ್ವಲ್ಪ ಸ್ವಲ್ಪಾನೇ ತುಂಬಿ. ಕಮ್ಮಿ ಮಾಡ್ತಾ ವಾಪಸ್ಸು 18ಕ್ಕೆ ಬಂದಾಗ ತುಂಬೋಕೆ ಶುರು ಮಾಡಿ, 6ಕ್ಕೆ ಬಂದ್ಮೇಲೆ ಬೆರಳೂ ಹೋಗಲ್ಲ.

ಕಣ್ಣಿನ ವಿಷಯ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಎಂಟು ತಿಂಗಳ ಕೂಸು ಕೈಗೆ ಸಿಕ್ಕಿದ್ದೆಲ್ಲ ಬಾಯಿಗೇ ಹಾಕೋದು. ಮಣಿ, ಗುಂಡಿ ಬೇಡವೇ ಬೇಡ, ಸೇಫ್ಟಿ ಐ ಅಂತ ಮಾರೋ ಪ್ಲಾಸ್ಟಿಕ್ ಕಣ್ಣೂ ಮೂರು ವರ್ಷದೊಳಗಿನ ಮಕ್ಕಳಿಗೆ ಬೇಡ, ಹೆಸರು ಮಾತ್ರ ಸೇಫ್ಟಿ. ಕಪ್ಪು ದಾರದಲ್ಲಿ ಕಸೂತಿ ಮಾಡಿ, ನಿಮ್ಮ ಮಿಕ್ಕಿರೋ ರೇಷ್ಮೆ ದಾರ ಇಲ್ಲಿ ಬಳಸಿ, ಕಣ್ಣಿಗೆ ಆ ಹೊಳಪು ಚೆನ್ನಾಗೇ ಕಾಣುತ್ತೆ.

ಪ್ರಶ್ನೆ: ನನ್ನ ಗೊಂಬೆ ಮೈ ಪೂರ್ತಿ ಗೆರೆಗೆರೆ, ಫೋಟೋದಲ್ಲಿ ಮಾತ್ರ ನೀಟಾಗಿ ವಿ ವಿ ವಿ ಅಂತ ಕಾಣುತ್ತೆ. ಕಿವಿ, ಕಾಲು ಜೋಡಿಸಿದ್ರೆ ಸೊಟ್ಟ. ಬಿಚ್ಚಬೇಕಾ? (ಧಾರವಾಡದ ಓದುಗರು)

ಉತ್ತರ: ಬಿಚ್ಚಬೇಡ್ರೀ. ನಿಮ್ಮ ಗೊಂಬೆ ಒಳಗಿಂದು ಹೊರಗಾಗಿದೆ ಅಷ್ಟೇ. ಸುಮಾರು ಐದಾರು ಸುತ್ತಾದ್ಮೇಲೆ ಅದು ಬಟ್ಟಲಿನ ಥರ ಆಗುತ್ತಲ್ಲ, ಆಗ ದಿಂಬಿನ ಕವರ್ ತಿರುಗಿಸಿದಂಗೆ ತಿರುಗಿಸ್ಬೇಕು. ಆಮೇಲಿಂದ ಕಡ್ಡಿ ಹೊರಗಡೆಯಿಂದ ಒಳಗಡೆಗೆ ಚುಚ್ತಾ ಹೋಗಿ, ವಿ ಸಾಲು ಹೊರಗೇ ಬರುತ್ತೆ. ಈಗ ಮುಚ್ಚಿ ಹೊಲಿದಾಗಿರೋ ಗೊಂಬೆಯನ್ನ ಹಾಗೇ ಇಟ್ಕೊಳ್ಳಿ, ಗೆರೆ ಮೈಯೂ ಒಂಥರಾ ಚೆಂದಾನೇ. ಕಿವಿ ಕಾಲಿಗೆ ಮುಗಿಸುವಾಗ ಒಂದು ಗೇಣು ದಾರ ಬಿಡಿ, ಮೊದಲು ಎಲ್ಲಾನೂ ಗುಂಡುಪಿನ್ನಲ್ಲಿ ಸಿಗಿಸಿ ಗೊಂಬೇನ ಮೇಜಿನ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ದೂರ ನಿಂತು ನೋಡಿ, ಒಪ್ಪಿದ್ಮೇಲೇ ಉಲ್ಲನ್ ಸೂಜಿ ತಗೊಳ್ಳಿ. ಹೊಲಿದಾದ್ಮೇಲೆ ಪಿನ್ನು ಎಷ್ಟು ಸಿಗಿಸಿದ್ರಿ ಅಷ್ಟೂ ವಾಪಸ್ ಬಂತಾ ಅಂತ ಎಣಿಸ್ಕೊಳ್ಳಿ.