ಆರೋಗ್ಯ ಪ್ರಶ್ನೋತ್ತರ: ಮೂಳೆಯ ಚೂರು ಕೂಡಿಲ್ಲ, ಆಪರೇಷನ್ ಬೇಕೆ?

ಪ್ರಶ್ನೆ: ನನಗೆ 42 ವರ್ಷ. ಮೆಟ್ಟಿಲಲ್ಲಿ ಪಾದ ಒಳಕ್ಕೆ ಹೊರಳಿ ಬಿದ್ದೆ. ಕಣಕಾಲಿನ ಹೊರಗಂಟಿನ ತುದಿಯಿಂದ ಮೂಳೆಯ ಸಣ್ಣ ಚೂರು ಕಿತ್ತುಬಂದಿದೆ. ಆಪರೇಷನ್ ಬೇಡವೆಂದು ವಾಕಿಂಗ್ ಬೂಟ್ (ಕಣಕಾಲು ಅಲುಗದಂತೆ ಹಿಡಿಯುವ, ಬಿಚ್ಚಿ ಹಾಕಬಹುದಾದ ಪಟ್ಟಿಯ ಬೂಟು) ಕೊಟ್ಟರು. ನಾಲ್ಕು ವಾರವಾದರೂ ಎಕ್ಸ್‌ರೇಯಲ್ಲಿ ಚೂರು ಬೇರೆಯಾಗಿಯೇ ಇದೆ, ಸಂಜೆ ಊತ ಬರುತ್ತದೆ. ಮನೆಯಲ್ಲಿ ನಾಟಿ ಕಟ್ಟು ಹಾಕಿಸು ಎನ್ನುತ್ತಿದ್ದಾರೆ.
– ಓದುಗರೊಬ್ಬರು, ತುಮಕೂರು

ಉತ್ತರ: ಎಕ್ಸ್‌ರೇ ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಇದು ಹೆಚ್ಚುಕಡಿಮೆ ಜೋರಾದ ಉಳುಕೇ. ಮೂಳೆಗೂ ಮೂಳೆಗೂ ಬಿಗಿಯುವ ನಾರಿನ ಪಟ್ಟಿ, ಅಂದರೆ ಲಿಗಮೆಂಟ್, ಹರಿಯುವ ಬದಲು ತಾನು ಅಂಟಿಕೊಂಡಿದ್ದ ಜಾಗದ ಮೂಳೆಯನ್ನೇ ಕಿತ್ತುಕೊಂಡು ಬಂದಿದೆ. ಇಂಥ ಚೂರು ಎಷ್ಟೋ ಸಲ ಗಟ್ಟಿ ನಾರಿನಂಥ ಅಂಗಾಂಶದಿಂದ ಕೂಡಿಕೊಳ್ಳುತ್ತದೆ. ನಾರು ಎಕ್ಸ್‌ರೇಗೆ ಕಾಣದು, ಹಾಗಾಗಿ ತಿಂಗಳುಗಟ್ಟಲೆ ಸಂದು ಕಾಣಿಸಬಹುದು. ಚೂರು ದೊಡ್ಡದಾಗಿ ದೂರ ಸರಿದಿದ್ದರೆ ಅಥವಾ ಕೀಲು ಸಡಿಲವಾಗಿದ್ದರೆ ಮಾತ್ರ ಆಪರೇಷನ್ನಿನ ಮಾತು.

ಬೂಟ್ ಸಾಮಾನ್ಯವಾಗಿ ಆರು ವಾರದೊಳಗೆ ಬಿಡಬಹುದು. ನೋವು ತಡೆಯುವಷ್ಟು ಭಾರ ಹಾಕಿ ನಡೆಯಿರಿ. ಬೂಟಿನ ಅಟ್ಟೆ ದಪ್ಪ, ಆದ್ದರಿಂದ ಇನ್ನೊಂದು ಕಾಲಿಗೆ ತೆಳು ಚಪ್ಪಲಿ ಹಾಕಿದರೆ ಸೊಂಟ ಓರೆಯಾಗಿ ಬೆನ್ನು ನೋಯುತ್ತದೆ. ಎತ್ತರ ಸಮನಾಗುವ ಶೂ ಹಾಕಿ. ಕೋಲು ಹಿಡಿಯುವುದಾದರೆ ನೋವಿಲ್ಲದ ಬದಿಯ ಕೈಯಲ್ಲಿ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಪೆಟ್ಟಾದ ಕಾಲು ಮೊದಲು.

ಕೂತಾಗ ಬೂಟ್ ಬಿಚ್ಚಿ ಪಾದವನ್ನು ಮೇಲೆ ಕೆಳಗೆ ಹತ್ತು ಸಲ ಆಡಿಸಿ, ದಿನಕ್ಕೆ ಮೂರು ನಾಲ್ಕು ಬಾರಿ. ನಿಮಗೀಗ ನಾಲ್ಕು ವಾರ ಕಳೆದಿರುವುದರಿಂದ ನೋವಿಲ್ಲದಷ್ಟು ಮೆಲ್ಲಗೆ ಅಕ್ಕಪಕ್ಕಕ್ಕೂ ಹೊರಳಿಸಬಹುದು. ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆದರೂ ಆಯಿತು. ಚಕ್ಕಳಮಕ್ಕಳ ಹಾಕಿ ಕೂರುವುದು ಸದ್ಯಕ್ಕೆ ಬೇಡ. ಹಾಗೆ ಕೂತಾಗ ಪಾದ ಒಳಕ್ಕೆ ತಿರುಗಿ ಪೆಟ್ಟಾದ ಲಿಗಮೆಂಟೇ ಎಳೆಯುತ್ತದೆ, ಗಂಟೂ ನೆಲಕ್ಕೆ ಒತ್ತುತ್ತದೆ. ಬೂಟ್ ಹಾಕಿಕೊಂಡು ಗಾಡಿ ಓಡಿಸಬೇಡಿ.

ಸಂಜೆಯ ಊತ ಕೆಲವು ತಿಂಗಳು ಇರುವುದು ಮಾಮೂಲು. ಕಾಲನ್ನು ದಿಂಬಿನ ಮೇಲೆ ಎದೆಗಿಂತ ಎತ್ತರಕ್ಕಿಟ್ಟು, ಬಟ್ಟೆಯಲ್ಲಿ ಸುತ್ತಿದ ಐಸನ್ನು 15 ನಿಮಿಷ ಇಡಿ. ಆದರೆ ಮೀನಖಂಡವೇ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರುಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ.

ನಾಟಿ ಕಟ್ಟು ಬೇಡ. ಕೂರಿಸಬೇಕಾದ ಮೂಳೆ ಅಲ್ಲಿಲ್ಲ. ಬಿಗಿಯಾಗಿ ಕಟ್ಟಿದರೆ ರಕ್ತ ಓಡಾಟ ನಿಲ್ಲಬಹುದು, ಎಣ್ಣೆ ಹಚ್ಚಿ ತಿಕ್ಕಿದರೆ ಕೂಡುತ್ತಿರುವ ನಾರು ಮತ್ತೆ ಹರಿಯಬಹುದು.

ಬೂಟ್ ಬಿಟ್ಟ ಮೇಲೆ ಗೋಡೆ ಪಕ್ಕ ಒಂಟಿಕಾಲಲ್ಲಿ 30 ಸೆಕೆಂಡ್ ನಿಲ್ಲುವ ಅಭ್ಯಾಸ ಮಾಡಿ. ಇದನ್ನು ಬಿಟ್ಟವರ ಕಾಲೇ ಪದೇಪದೇ ಉಳುಕುವುದು ಜಾಸ್ತಿ. ಮೂರು ತಿಂಗಳಾದರೂ ನೋವಿದ್ದರೆ, ಕಾಲು ಜಾರಿದಂತಾಗುತ್ತಿದ್ದರೆ ಮತ್ತೆ ತೋರಿಸಿ.

ಪ್ರಶ್ನೆ: ತಂದೆಗೆ ಹಿಮ್ಮಡಿಯ ಹಿಂಭಾಗದಲ್ಲಿ ಮೂಳೆ ಕಿತ್ತಿದೆಯಂತೆ. ಅದಕ್ಕೂ ಬೂಟ್ ಸಾಕೇ?

ಉತ್ತರ: ಅದು ಬೇರೆಯೇ ವಿಷಯ. ಅಲ್ಲಿ ಎಳೆಯುವುದು ಮೀನಖಂಡದ ದಪ್ಪ ಸ್ನಾಯುರಜ್ಜು. ಮೇಲಕ್ಕೆ ಸರಿದ ಚೂರು ಒಳಗಿನಿಂದ ಒತ್ತಿ, ಹಿಮ್ಮಡಿಯ ಚರ್ಮ ಗಂಟೆಗಳಲ್ಲೇ ಸಾಯಬಹುದು. ಚರ್ಮ ಬಿಳಿಚಿಕೊಂಡು ಬಿಗಿದಂತಿದ್ದರೆ ನಾಳೆಗೆ ಬಿಡದೆ ಈಗಲೇ ಮೂಳೆ ತಜ್ಞರ ಬಳಿ ಕರೆದೊಯ್ಯಿರಿ.