ಸಂಬಳ ಏರಿದರೆ ಕೈಗೆ ಕಡಿಮೆ ಬರುತ್ತದಾ?

ಪ್ರಮೋಷನ್ ಬಂದು ಆದಾಯ ತೆರಿಗೆಯ ಮೇಲಿನ ಸ್ಲ್ಯಾಬ್‌ಗೆ (ಜಾಸ್ತಿ ದರದ ಹಂತಕ್ಕೆ) ಹೋದರೆ ಕೈಗೆ ಸಿಗುವ ದುಡ್ಡೇ ಕಡಿಮೆಯಾಗುತ್ತದಾ ಎಂದು ಕೇಳಿದ್ದೀರಿ. ಸ್ಲ್ಯಾಬ್ ದಾಟಿದ್ದಕ್ಕೇ ಹಾಗಾಗುವುದಿಲ್ಲ, ಸುಮ್ನೆ ಹೆದರಬೇಡಿ. ಜಾಸ್ತಿ ದರ ಬೀಳುವುದು ಗೆರೆ ದಾಟಿದ ಭಾಗಕ್ಕೆ ಮಾತ್ರ. ಮೊದಲ 100ಕ್ಕೆ ಶೇ. 10, ಅದರ ಮೇಲಿನದಕ್ಕೆ ಶೇ. 20 ಎಂದಿಟ್ಟುಕೊಳ್ಳಿ. 100 ದುಡಿದಾಗ ಕೈಗೆ 90. 110 ದುಡಿದರೆ ತೆರಿಗೆ 12, ಕೈಗೆ 98. ಹೆಚ್ಚೇ ಆಯಿತು ಅಲ್ವಾ? (ಇದೇ ಭಯಕ್ಕೆ ನಾನು ಒಮ್ಮೆ ಓವರ್‌ಟೈಮ್ ಬೇಡ ಎಂದಿದ್ದೆ. ಪೆದ್ದುತನ.)

ಹುಷಾರಾಗಿರಬೇಕಾದ್ದು ಸರ್ಕಾರಿ ಸೌಲಭ್ಯಗಳ ವಿಷಯದಲ್ಲಿ. ಕೆಲವು ಸಹಾಯಧನಗಳಿಗೆ ಆದಾಯದ ಮಿತಿ ಇರುತ್ತದೆ. ಅದನ್ನು ಚೂರು ದಾಟಿದರೂ ಪೂರ್ತಿ ಕೈತಪ್ಪಬಹುದು. ಇನ್ನು ಕೆಲವು ಮೆಲ್ಲಗೆ ಇಳಿಯುತ್ತವೆ. ನಿಮಗೆ ಬರುತ್ತಿರುವುದರ ಮಿತಿ ನಿಮ್ಮೊಬ್ಬರ ಆದಾಯಕ್ಕೋ, ಇಡೀ ಮನೆಯದ್ದಕ್ಕೋ ಎಂದು ಮೊದಲು ನೋಡಿಕೊಳ್ಳಿ.